ಮಣ್ಣಿಗೆ ಬಾ

ನಮ್ಮ ಕಡೆ ‘ಮಣ್ಣಿಗೆ ಹೋಗಿದ್ದೆ’ ಎಂದರೆ ಸತ್ತವರನ್ನು ಹೂಳಲು ಹೋಗಿದ್ದೆ ಎಂದೇ ಅರ್ಥ. ಗರಡಿಯಲ್ಲಿ ಬೆಳೆದ ನಮಗೆ ಮಾತ್ರ ಅದಕ್ಕೆ ಇನ್ನೊಂದು ಅರ್ಥವಿತ್ತು. ಲಂಗೋಟಿ ಕಟ್ಟಿ ಕುಸ್ತಿಯ ಕೆಮ್ಮಣ್ಣಿಗೆ ಇಳಿಯುವುದು. ಕಮತಗಿಯಲ್ಲಿ ನನ್ನ ಗೆಳೆಯ ಮುಂಜಾನೆ ನಮ್ಮ ಮನೆ ಮುಂದೆ ನಿಂತು, “ಮಣ್ಣಿಗಿ ಬಾರಲೇ!” ಎಂದು ಕೂಗಿದರೆ ಅವ್ವ ಒಳಗಿನಿಂದಲೇ ಬೈಯುತ್ತಿದ್ದಳು: “ಮುಂಜಾನೆದ್ದು ಇಂಥಾ ಮಾತ ಆಡಬ್ಯಾಡೋ ಮಾರಾಯಾ, ಬಿಡ್ತು ಅನ್ನು!” ಅವನು ಬಿಡ್ತು ಅನ್ನುತ್ತಿದ್ದ. ಮರುದಿನ ಮತ್ತೆ ಹಾಗೇ ಕೂಗುತ್ತಿದ್ದ.

ನಾವು ಜೋಡಿ. ಗರಡಿಯಲ್ಲಿ ಜೋಡಿ ಎಂದರೆ ದಿನಾ ಒಬ್ಬರನ್ನೊಬ್ಬರು ಹಿಡಿದು ಕೆಡವುವವರು. ಅವನು ಬೀರಪ್ಪ ದೇವರ ಒಕ್ಕಲು, ಕುರಿ ಸಾಕುವ ಮನೆಯವನು. ನನಗಿಂತ ಗೇಣು ಎತ್ತರ, ನನಗಿಂತ ಭಾರಿ ಹಟಮಾರಿ. ನನ್ನ ಎಡಗಿವಿ ಇವತ್ತಿಗೂ ಮುದುಡಿಕೊಂಡಿರುವುದು ಅವನ ತಲೆಯ ಉಜ್ಜಾಟದಿಂದ.

ಹಿಡಿಯುವ ಮೊದಲು ಒಂದು ಪದ್ಧತಿಯಿತ್ತು. ನಾನು ಒಂದು ಹಿಡಿ ಮಣ್ಣು ಅವನ ಕೈಗೆ ಕೊಡಬೇಕು, ಅವನು ಒಂದು ಹಿಡಿ ನನ್ನ ಕೈಗೆ ಕೊಡಬೇಕು. ಕೊಟ್ಟು ತಗೊಳ್ಳದೆ ಹಿಡಿದರೆ ಕುಸ್ತಿ ಕಲಿಸುವ ವಸ್ತಾದರ ಬೆತ್ತ ಬೆನ್ನಿಗೆ ಬೀಳುತ್ತಿತ್ತು. ಅವನು ತನ್ನ ಸರದಿಯನ್ನು ಬೇಕೆಂದೇ ತಡ ಮಾಡುತ್ತಿದ್ದ. ನಾನು ಕೈ ಚಾಚಿಕೊಂಡು ನಿಂತಿರಬೇಕು, ಅವನು ಸೊಂಟದ ಮೇಲೆ ಕೈಯಿಟ್ಟು ನಗುತ್ತಿರಬೇಕು.

“ಏನ್ ಗಡಿಬಿಡಿ ಐತಿಲೇ? ನಿನ್ನ ಕೆಡವಾಕ ಇಡೀ ಮುಂಜಾನಿ ಐತಿ.”

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮದುವೆಯಾಗಿ ಇಳಕಲ್ಲಿಗೆ ಬಂದೆ. ಮಾವನ ಮನೆಯಲ್ಲಿ ಮಗ್ಗಗಳಿದ್ದವು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ದಿನವಿಡೀ ಸೀರೆ ನೇಯುವ ಕೆಲಸ. ಒಮ್ಮೆ ನೋಡಲು ಬಂದ ಅವನು, “ಜೀವ ಇರೂದ್ರಾಗನ ಕುಣಿಯಾಗ ಕುಂತೀಯಲ್ಲೋ!” ಎಂದು ಹೊಟ್ಟೆ ಹಿಡಿದು ನಕ್ಕ. ನಮ್ಮ ಮಾವ ನಗಲಿಲ್ಲ.

ಇಳಕಲ್ಲಿನಲ್ಲಿ ಮಾತಾಡಲು ಜನ ಇರಲಿಲ್ಲವೆಂದಲ್ಲ. ಆದರೆ ಎದೆಗೆ ಎದೆ ಕೊಟ್ಟು ನೂಕುವವರು ಯಾರೂ ಇರಲಿಲ್ಲ, ಆ ಸಮಾಧಾನ ಮಾತಿನಿಂದ ಬರುವಂಥದ್ದೂ ಅಲ್ಲ. ಹೆಂಡತಿಗೆ ಹೇಳಿಕೊಂಡರೆ, “ಗ್ವಾಡಿ ಐತಲ್ಲ, ನೂಕ್ರಿ” ಎಂದಳು. ತುಂಬಿದ ಮನೆಯಲ್ಲಿ ನಾನು ಒಬ್ಬನೇ ಇದ್ದೆ.

ಅವನಿಗೆ ಅದು ಗೊತ್ತಿತ್ತು. ಬಾಗಲಕೋಟೆಯಿಂದ ಕಮತಗಿ, ಹುನಗುಂದದ ಮೇಲೆ ಬರುವ ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿ ಕಳಿಸುತ್ತಿದ್ದ. ನಮ್ಮ ಓಣಿಯ ತುದಿಯಲ್ಲಿ ಬಸ್ಸು ನಿಧಾನವಾದಾಗ ಕಂಡಕ್ಟರ ಕೂಗುತ್ತಿದ್ದ: “ಪೈಲ್ವಾನ್ರ, ನಾಳಿಗಿ ಮಣ್ಣಿಗಿ ಬರಬೇಕಂತ!” ಮಾವನ ಮುಖವನ್ನೂ ನೋಡದೆ ಹೊರಟುಬಿಡುತ್ತಿದ್ದೆ.

ಆಮೇಲೆ ಅವನಿಗೆ ಕೆಮ್ಮು ಹತ್ತಿತು. ನೋಡಲು ಹೋದರೆ ಅಂಥ ಬೇಸಿಗೆಯಲ್ಲೂ ಕಂಬಳಿ ಹೊದ್ದು ಕೂತಿದ್ದ. ತೋಳು ಹೊರಗೆ ತೆಗೆಯಲೇ ಇಲ್ಲ.

“ನೀ ಇನ್ನ ಬರಬ್ಯಾಡ. ಮೈಯಾಗ ಕಸುವು ಬಂದ ಮ್ಯಾಲ ನಾನ ಹೇಳಿ ಕಳಸ್ತೇನಿ. ಅಲ್ಲೀತನಕ ಈ ಕಡಿ ಮಾರಿ ಹಾಕಬ್ಯಾಡ.”

ಮೀರಿ ಹೋದರೆ ಜನ್ಮದಲ್ಲಿ ಕರೆಯುವವನಲ್ಲ. ಅದಕ್ಕೇ ಕಾದೆ. ಮಳೆಗಾಲ ಕಳೆಯಿತು, ಜೋಳದ ಸುಗ್ಗಿಯೂ ಮುಗಿಯಿತು. ಬಸ್ಸಿನ ಸದ್ದಾದಾಗಲೆಲ್ಲ ಲಾಳಿ ಹಿಡಿದ ಕೈ ನಿಲ್ಲುತ್ತಿತ್ತು. ಬಸ್ಸು ಸುಮ್ಮನೆ ಮುಂದೆ ಹೋಗುತ್ತಿತ್ತು.

ಒಂದು ದಿನ ನಿಧಾನವಾಯಿತು. ಕಂಡಕ್ಟರ ಹೊಸಬ. “ಇಲ್ಲಿ ಪೈಲ್ವಾನ್ರು ಯಾರ್ರಿ? ಕಮತಗಿಯಿಂದ ನಿಮ್ಮ ಗೆಳ್ಯಾನ ಮನಿಯವ್ರು ಹೇಳ್ಯಾರ. ಇವತ್ತ ಮಧ್ಯಾಹ್ನ ಮಣ್ಣಿಗಿ ಬರಬೇಕಂತ್ರಿ!”

ಮಧ್ಯಾಹ್ನದ ಬಿಸಿಲಲ್ಲಿ ಯಾರಾದರೂ ಕುಸ್ತಿ ಹಿಡಿಯುತ್ತಾರೆಯೇ? ಆ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಕಸುವು ಬಂತು, ಕರೆದ, ಅಷ್ಟೇ ತಲೆಯಲ್ಲಿತ್ತು. ಚೀಲದಲ್ಲಿ ಲಂಗೋಟಿ ತುರುಕಿದೆ. ಅವನಿಗೆಂದು ಉತ್ತತ್ತಿ ತಗೊಂಡೆ. ದಾರಿಯುದ್ದಕ್ಕೂ ಒಂದೇ ಯೋಚನೆ: ಕಾಯಿಲೆಯಿಂದ ಎದ್ದವನು, ಮೊದಲ ಹಿಡಿತಕ್ಕೇ ನಾನು ಬಿದ್ದುಬಿಡಬೇಕು, ಆದರೆ ಬೇಕೆಂದು ಬಿದ್ದದ್ದು ಅವನಿಗೆ ಗೊತ್ತಾಗಬಾರದು. ಗೊತ್ತಾದರೆ ಬಿಡುವವನೇ ಅಲ್ಲ.

ಇಳಿದವನು ನೆಟ್ಟಗೆ ಗರಡಿಗೆ ಹೋದೆ. ಬಾಗಿಲು ಹಾಕಿತ್ತು. ಬಡಿದೆ. ಮತ್ತೂ ಬಡಿದೆ. ಎದುರು ಕಟ್ಟೆಯ ಮೇಲಿದ್ದ ಮುದುಕಿ ನನ್ನ ಕಡೆ ವಿಚಿತ್ರವಾಗಿ ನೋಡಿದಳು.

“ಅಲ್ಲೇನ್ ಬಡೀತಿಯಪಾ? ಆಗಲೇ ಹೊತ್ಕೊಂಡು ಹೋದ್ರು. ಅವರ ಹೊಲಕ್ಕ ಲಗೂ ಹೋಗು, ಮಾರಿ ಆದರೂ ನೋಡಾಕ ಸಿಕ್ಕೀತು.”

ನನ್ನ ಕೈ ಬಾಗಿಲ ಮೇಲೇ ಉಳಿಯಿತು. ಅವ್ವ ಬೈಯುತ್ತಿದ್ದದ್ದು ನೆನಪಾಗಿ, ಯಾರಿಗೋ ಏನೋ, ಬಿಡ್ತು ಅಂದೆ.

ನಾನು ಹೊಲ ಮುಟ್ಟುವಷ್ಟರಲ್ಲಿ ಅವನನ್ನು ಕುಣಿಗೆ ಇಳಿಸಿ ಅಂಗಾತ ಮಲಗಿಸಿದ್ದರು. ಪೈಲ್ವಾನನ ಕಣ್ಣು ಕೆಟ್ಟದ್ದು. ಅಂಥ ಹೊತ್ತಿನಲ್ಲೂ ಬೆನ್ನು ಪೂರ್ತಿ ನೆಲಕ್ಕೆ ಹತ್ತಿದೆಯೋ ಇಲ್ಲವೋ ಎಂದೇ ನೋಡಿತು. ಹತ್ತಿತ್ತು. ಅವನ ತೋಳು ನನ್ನ ಪುಟ್ಟ ಮಗಳ ತೋಳಿನಷ್ಟಾಗಿತ್ತು. ಇದನ್ನೇ ನನಗೆ ಕಾಣಿಸಬಾರದೆಂದು ಅಷ್ಟು ದಿನ ದೂರ ಇಟ್ಟಿದ್ದ. ಸಿಟ್ಟು ಬಂತು. ಇವತ್ತಿಗೂ ಬರುತ್ತದೆ.

“ಮಣ್ಣ ಕೊಡ್ರಿ,” ಎಂದ ಅವನ ಅಣ್ಣ.

ಒಂದು ಹಿಡಿ ತೆಗೆದು, ಬಗ್ಗಿ, ಅವನ ಕೈಯ ಹತ್ತಿರ ಬಿಟ್ಟೆ. ಕೈ ಹಿಂದಕ್ಕೆ ತೆಗೆಯಲಿಲ್ಲ. ಚಾಚಿಕೊಂಡೇ ನಿಂತಿದ್ದೆ. ಹಿಂದಿನಿಂದ ಯಾರೋ ಭುಜ ಮುಟ್ಟಿದರು.

“ಆತಲ್ರಿ, ಸರೀರಿ. ಹಿಂದ ಮಂದಿ ಅದಾರ.”

“ತಡೀರಿ,” ಅಂದೆ. “ಇನ್ನ ಅವಂದು ಬರೂದೈತಿ.”