ಜೀಪಿಗೆ ಅಡ್ಡ ನಿಂತ ಅಕ್ಕ

ಕಳೆದ ಭಾನುವಾರ ನನ್ನ ಅಕ್ಕ ಒಂದು ಜೀಪಿಗೆ ಅಡ್ಡ ನಿಂತಳು.

ಅಕ್ಕನಿಗೆ ಆನವಟ್ಟಿಯಲ್ಲಿ ಬಟ್ಟೆ ಅಂಗಡಿ. ಬೆಳಗ್ಗೆ ಶಟರ್ ಎತ್ತುವ ಮೊದಲು ಕೆರೆ ಏರಿ ಮೇಲೆ ಕೂತು ಹಕ್ಕಿ ನೋಡುತ್ತಾಳೆ. ಭಾವ ತೀರಿಕೊಂಡ ವರ್ಷ ಶುರುವಾದ ಅಭ್ಯಾಸ. ಚಳಿಗಾಲಕ್ಕೆ ಹಿಮದ ದೇಶಗಳಿಂದ ಕರಾವಳಿಗೆ ಬರುವ ಹಕ್ಕಿಗಳನ್ನು ಒಮ್ಮೆ ನೋಡಬೇಕು ಅಂತ ಅವಳಿಗೆ ಬಹಳ ಆಸೆ. ಶಿಕಾರಿಪುರದಿಂದ ಕಾರು ತಗೊಂಡು ಹೋಗಿ ಅವಳನ್ನು ಹತ್ತಿಸಿಕೊಂಡೆ. ಘಟ್ಟ ಇಳಿದು ಕುಮಟಾ ಕಡೆಯ ಅಳಿವೆಗೆ ಹೋದೆವು. (ನದಿ ಸಮುದ್ರ ಸೇರುವ ಜಾಗಕ್ಕೆ ಅಲ್ಲಿ ಹಾಗಂತಾರೆ. ಹಕ್ಕಿಗಳಿಗೆಂದೇ ಕಾಯ್ದಿಟ್ಟ ಜಾಗ ಅದು.)

ನೀರು ಇಳಿದಿತ್ತು. ಕೆಸರಿನ ಬಯಲು ತುಂಬ ಹಕ್ಕಿ. ಕೆಲವಂತೂ ಗುಬ್ಬಿಗಿಂತ ಒಂಚೂರು ದೊಡ್ಡವು, ಅಷ್ಟೇ. ಅಷ್ಟು ಪುಟ್ಟ ಮೈ ಹೊತ್ತು ಅಷ್ಟು ದೂರ ಹಾರಿ ಬಂದಿವೆಯಾ? ಅಕ್ಕ ಕಣ್ಣು ಒರೆಸಿಕೊಂಡು ಮತ್ತೆ ಬೈನಾಕ್ಯುಲರ್ ಏರಿಸಿದಳು.

ಆಗ ಜೀಪು ಬಂತು. ಒಳಗೆ ನಾಲ್ಕೈದು ಯುವಕರು. ಜೀಪು ನುಗ್ಗಿಸಿದರೆ ಹಕ್ಕಿಗಳೆಲ್ಲ ಒಟ್ಟಿಗೆ ಏಳುತ್ತವೆ, ರೀಲ್ಸ್‌ಗೆ ಸೂಪರ್ ಶಾಟ್ ಅಂತ ಅವರ ಲೆಕ್ಕ. ನಾನು ಗಾರ್ಡ್ ಎಲ್ಲಿದ್ದಾನೆ ಅಂತ ಹುಡುಕುತ್ತಿದ್ದೆ. ತಿರುಗಿ ನೋಡಿದರೆ ಅಕ್ಕ ಬಾನೆಟ್ ಮುಂದೆ!

"ಸೈಡಿಗೆ ಬನ್ನಿ ಆಂಟಿ. ಹಕ್ಕಿ ತಾನೇ, ಹಾರ್ತವೆ, ಮತ್ತೆ ಕೂರ್ತವೆ" ಅಂದ ಸ್ಟೇರಿಂಗ್ ಹಿಡಿದವನು. ಎಂಜಿನ್ ಜೋರು ಮಾಡಿದ.

ಅಕ್ಕ ಕದಲಲಿಲ್ಲ. ದನಿಯನ್ನೂ ಏರಿಸಲಿಲ್ಲ. "ನೋಡ್ರೀ, ಅವು ಊಟಕ್ಕೆ ಕೂತವೆ. ನೀರು ಏರಿದ್ರೆ ಈ ಕೆಸರೆಲ್ಲ ಮುಚ್ಚಿ ಹೋಗ್ತದೆ. ಅಷ್ಟರೊಳಗೆ ತಿನ್ನಬೇಕು. ಮೈ ತುಂಬ್ಕೊಂಡ್ರೆ ತಾನೇ ವಾಪಸ್ ಅಷ್ಟು ದೂರ ಹಾರೋದು? ಉಣ್ಣೋರನ್ನ ಎಬ್ಬಿಸ್ತೀರಾ?"

 

ಕೊನೆಗೆ ಎಂಜಿನ್ ಆಫ್ ಆಯಿತು. ಅಕ್ಕ ಕುತ್ತಿಗೆಯಿಂದ ಬೈನಾಕ್ಯುಲರ್ ತೆಗೆದು ಸ್ಟೇರಿಂಗ್ ಹಿಡಿದವನ ಕೈಗೇ ಕೊಟ್ಟಳು. ಬಾಗಿದ ಕೊಕ್ಕಿನ ದೊಡ್ಡ ಹಕ್ಕಿಯೊಂದು ಕೆಸರಿನಿಂದ ಏಡಿ ಎಳೆಯುತ್ತಿತ್ತು. "ಲೋ, ಕಾಲು ಮುರಿದು ಮುರಿದು ತಿಂತಿದೆ ಕಣೋ" ಅಂತ ಗೆಳೆಯನಿಗೆ ಪಿಸುಗುಟ್ಟಿದ. ಬೈನಾಕ್ಯುಲರ್ ಕೈಯಿಂದ ಕೈಗೆ ಹೋಯಿತು. ನೀರು ಏರುವ ತನಕ ಅವರಲ್ಲಿ ಒಬ್ಬನೂ ಜೀಪು ಹತ್ತಲಿಲ್ಲ.

"ಹೆದರಿಕೆ ಆಗ್ಲಿಲ್ವಾ ಅಕ್ಕ?" ವಾಪಸ್ ಬರುವಾಗ ಕೇಳಿದೆ.

"ಆಯ್ತು ಕಣೋ. ಆದ್ರೆ ಸರಿದು ನಿಂತಿದ್ರೆ ಆ ಹಕ್ಕಿಗಳ ಮುಖ ಹೆಂಗೆ ನೋಡ್ಲಿ?"

ಶಿಕಾರಿಪುರದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದಾಯ್ತು, ಈಗ ನಿಮಗೂ. (ಹೆಮ್ಮೆ ಸ್ವಾಮೀ, ತಡೆಯೋಕಾಗಲ್ಲ.)

ನಮ್ಮ ಕಡೆ ಹೆಂಗಸೊಬ್ಬಳು ಒಂಟಿಯಾಗಿ ಕೆರೆ ಏರಿ ಮೇಲೆ ಕೂತರೆ "ಏನಾಯ್ತಮ್ಮ?" ಅಂತ ಕೇಳುತ್ತೇವೆ. "ಏನು ಕಾಣ್ತಿದೆ?" ಅಂತ ಯಾಕೆ ಕೇಳೋದಿಲ್ಲ?