ಎರಡು ಬಾಯಿಯ ಸುದ್ದಿ

ಅವರ ಬಲಗೈ ಹೆಬ್ಬೆರಳಿನ ಉಗುರಿನೊಳಗೆ ಸದಾ ಸೀಮೆಸುಣ್ಣದ ಬಿಳಿ ಇರುತ್ತಿತ್ತು. ಡೊಂಬಿವಲಿ ಸ್ಟೇಷನ್ ಹತ್ತಿರದ ಅವರ ಉಡುಪಿ ಹೋಟೆಲಿನಲ್ಲಿ ಎರಡು ಕರಿಹಲಗೆಗಳಿದ್ದವು. ಒಂದರಲ್ಲಿ ದಿನದ ತಿಂಡಿ. ಇನ್ನೊಂದರಲ್ಲಿ, ನಮ್ಮ ಕಡೆಯವರು ಯಾರಾದರೂ ತೀರಿಕೊಂಡರೆ, ಹೆಸರು, ಮನೆ, ಶವ ಎತ್ತುವ ಹೊತ್ತು. ಊರು ಬಿಟ್ಟು ಬಂದವರ ಚಟ್ಟ ಹೊರಲು ಇಲ್ಲಿ ನೆಂಟರು ಸಾಲುತ್ತಿರಲಿಲ್ಲ. ಲೋಕಲ್ ರೈಲು ಹಿಡಿಯುವ ಮೊದಲು ಚಹಾಕ್ಕೆ ನಿಂತವರನ್ನು ಅವರು ತಡೆಯುತ್ತಿದ್ದರು: "ಇವತ್ತು ಎರಡು ಗಾಡಿ ಬಿಡಿ. ಹೆಗಲು ಬೇಕು." ಬಿಡುತ್ತಿದ್ದರು.

ನಮಗೆಲ್ಲ ಅವರು ಮಾಮ. ಎರಡು ಬಾಯಿಂದ ಕೇಳದೆ ಹಲಗೆ ಮುಟ್ಟಿದವರಲ್ಲ. ನಾನು ಪತ್ರಿಕೆ ಸೇರಿದ ಹೊಸತರಲ್ಲಿ ಹೇಳಿದ್ದರು: "ಒಬ್ಬ ಹೇಳಿದ್ದು ಸುದ್ದಿ ಅಲ್ಲ ಮಾರಾಯ, ಬರೀ ಬಾಯಿ." ಇಂದಿಗೂ ಆ ಮಾತಿನಂತೆಯೇ ಕೆಲಸ ಮಾಡುತ್ತಿದ್ದೇನೆ.

ಆಮೇಲೆ ಮೊಬೈಲಿನಲ್ಲಿ ನಮ್ಮವರ ಗ್ರೂಪ್ ಬಂತು. ಪಕ್ಕದ ಕಲ್ಯಾಣದ ನಿವೃತ್ತ ಗುಮಾಸ್ತರೊಬ್ಬರು ತೀರಿಕೊಂಡರೆಂದು ಒಂದು ಬೆಳಿಗ್ಗೆ ಅದರಲ್ಲಿ ಸಂತಾಪಗಳು ಸುರಿದವು. ಹಲಗೆ ಮಾತ್ರ ಖಾಲಿ. ಮಾಮ ಗುಮಾಸ್ತರ ಮನೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು. ಎತ್ತಿದವರು ಅವರೇ.

"ನೀವು ಹೋದಿರಂತೆ?" ಎಂದರು ಮಾಮ.

"ಹೌದಾ? ಹಾಗಾದ್ರೆ ಸಂಜೆ ಗೋಳಿಬಜೆಗೆ ಬರುದು ಬೇಡ್ವಾ?"

ಹೋಟೆಲಿಡೀ ನಕ್ಕಿತು. ಆದರೂ ಜನ ಗ್ರೂಪನ್ನೇ ನೋಡಿದರು, ಹಲಗೆಯನ್ನಲ್ಲ. ತಿಂಡಿಯನ್ನೂ ಮೊಬೈಲಿನಲ್ಲೇ ತರಿಸಿಕೊಳ್ಳತೊಡಗಿದಾಗ ಮಗ ಮೇಜುಗಳನ್ನು ತೆಗೆಸಿದ. ಹಲಗೆಯ ಜಾಗದಲ್ಲಿ ಪಾರ್ಸೆಲ್ ಇಡುವ ಕಪಾಟು ಬಂತು.

"ಪಪ್ಪಾ, ಗ್ರೂಪ್ ಹೈ ನಾ," ಗ್ರೂಪ್ ಇದೆಯಲ್ಲ ಎಂದ, ಇಲ್ಲೇ ಹುಟ್ಟಿ ಹಿಂದಿಯಲ್ಲೇ ಬೆಳೆದ ಮಗ.

"ಗ್ರೂಪಿಗೆ ಹೆಗಲುಂಟಾ?"

ಮಗ ಮುಂದಿನ ಆರ್ಡರ್ ನೋಡುತ್ತಿದ್ದ.

ಕಳೆದ ವರ್ಷ ಒಂದು ಮಧ್ಯಾಹ್ನ, ಥಾಣೆಯ ಕಚೇರಿಯಲ್ಲಿ ಫೋನ್ ತೆರೆದಾಗ, ಗ್ರೂಪಿನ ಶುಭೋದಯಗಳ ಅಡಿಯಲ್ಲಿ ಮಾಮನ ಸಾವಿನ ಸುದ್ದಿ ಇತ್ತು. ಎರಡನೆಯ ಬಾಯಿಗಾಗಿ ಮಗನಿಗೆ ಕರೆ ಮಾಡಿದೆ.

"ಹಾಂ ಅಂಕಲ್, ಸಬ್ ಹೋ ಗಯಾ. ಸುಬಹ್ ಹೀ ಗ್ರೂಪ್ ಪೆ ಡಾಲಾ ಥಾ."

ಎಲ್ಲ ಮುಗಿದಿತ್ತು; ಗ್ರೂಪಿಗೆ ಬೆಳಿಗ್ಗೆಯೇ ಹಾಕಿದ್ದನಂತೆ. ಹೆಗಲು ಕೊಟ್ಟವರು ಯಾರು ಎಂದು ಕೇಳಿದೆ. ಮನೆ ಹೋಟೆಲಿನ ಮೇಲೆಯೇ. ಆ ಗಡಿಬಿಡಿಯಲ್ಲಿ ಆರ್ಡರ್ ನಿಲ್ಲಿಸಲು ಅವನು ಮರೆತಿದ್ದನಂತೆ. ಹೊತ್ತವರು, ಪಾರ್ಸೆಲಿಗೆಂದು ಬಂದ ಮೂವರು ಡೆಲಿವರಿಯವರು, ಮತ್ತು ಅವನು.

ಗ್ರೂಪಿನಲ್ಲಿ ಅಷ್ಟರಲ್ಲಿ ನೂರಕ್ಕೂ ಮಿಕ್ಕಿ ಮುಗಿದ ಕೈಗಳಿದ್ದವು. ನಾನೂ ಒಂದು ಹಾಕಿದೆ.