ಮಗ್ಗಗಳು ಸಾಲಾಗಿ ನಿಂತ ಮಧ್ಯಾಹ್ನ

ಇದನ್ನು ನೀವು ನಂಬುವುದಿಲ್ಲ. ಬೇಡ, ನಂಬಬೇಡಿ. ಮೈಸೂರಿನಲ್ಲಿ ಫ್ಯಾನಿನ ಕೆಳಗೆ ಕಾಲು ಚಾಚಿ ಕೂತು, 'ಈ ಸಿಂಚನಾ ಮತ್ತೆ ಶುರು ಮಾಡಿದಳು' ಎಂದು ನಗುತ್ತಿರಿ. ಆದರೆ ಬನಹಟ್ಟಿಯಲ್ಲಿ ನಮ್ಮ ಮೊದಲ ಬೆಳಿಗ್ಗೆ ಸ್ಟೀಲ್ ಲೋಟವೊಂದು ಅಡುಗೆಮನೆಯ ಕಟ್ಟೆಯ ಮೇಲೆ ತಾನಾಗಿಯೇ ನಡೆದುಹೋಗಿ, ಅಂಚಿನಲ್ಲಿ ಒಂದು ಕ್ಷಣ ನಿಂತು ಯೋಚಿಸಿ, ಕೆಳಗೆ ಹಾರಿಕೊಂಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಗೋಡೆ ನಡುಗುತ್ತಿತ್ತು. ಮಂಚ ನಡುಗುತ್ತಿತ್ತು. ನನ್ನ ದವಡೆಹಲ್ಲುಗಳು ಒಂದಕ್ಕೊಂದು ಪರಿಚಯ ಹೇಳಿಕೊಳ್ಳುತ್ತಿದ್ದವು. ಭೂಕಂಪ! ಶಾಲೆಯಲ್ಲಿ ಕಲಿಸಿದ ಹಾಗೆ ತಲೆಯ ಮೇಲೆ ದಿಂಬು ಇಟ್ಟುಕೊಂಡು, ಅಮ್ಮನನ್ನು ಎಳೆದುಕೊಂಡು ಬೀದಿಗೆ ಓಡಿದೆ. ಎದುರು ಮನೆಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಬಸಿಯಲ್ಲಿ ಚಹಾ ಸುರಿದುಕೊಂಡು ನಿಧಾನವಾಗಿ ಹೀರುತ್ತಿದ್ದರು.

"ಯಾಕ ತಂಗಿ, ತಲಿದಿಂಬ ಹೊತ್ಕೊಂಡ ಎತ್ತಾಗ ಹೊಂಟಿ?"

"ಭೂಕಂಪ ಅಜ್ಜಿ! ಹೊರಗೆ ಬನ್ನಿ!"

"ಹೊರಗ ಅದೀನಲ್ಲ ಬೇ. ಬಾ, ಕುಂದ್ರು. ಭೂಕಂಪ ಅಲ್ಲ ಅದು, ನಮ್ಮ ಮಲ್ಲಪ್ಪ ಮಗ್ಗ ಚಾಲೂ ಮಾಡ್ಯಾನ."

ಹೀಗೆ ನನಗೆ ಗಂಗವ್ವನ ಪರಿಚಯವಾಯಿತು. ಮಲ್ಲಪ್ಪ ಎಂದರೆ ಅವರ ಪಕ್ಕದ ಮನೆಯವರು. ಅವರ ಕರೆಂಟಿನ ಮಗ್ಗ ಶುರುವಾದರೆ ಅದರ ಪಕ್ಕದ್ದು, ಅದರ ಪಕ್ಕದ್ದು, ಹೀಗೆ ಓಣಿಗೆ ಓಣಿಯೇ ಖಟಕ್ ಖಟಕ್ ಎಂದು ಎದ್ದು ಕುಣಿಯುತ್ತದೆ. ಓಣಿ ಎಂದರೆ ಬೀದಿ. ಆದರೆ ನಮ್ಮ ಬೀದಿಯಲ್ಲಿ ಹೋಗಿಬರುವುದಷ್ಟೇ. ಇಲ್ಲಿಯ ಓಣಿಯಲ್ಲಿ ಜನ ಉಣ್ಣುತ್ತಾರೆ, ನೂಲು ಸುತ್ತುತ್ತಾರೆ, ಜಗಳವಾಡುತ್ತಾರೆ, ರಾಜಿಯಾಗುತ್ತಾರೆ.

ನಾವು ಇಲ್ಲಿಗೆ ಬಂದಿದ್ದು ಅಮ್ಮನಿಂದ. ಅವಳು ಸಾರ್ವಜನಿಕ ಆರೋಗ್ಯದ ಸಂಶೋಧಕಿ. ಕಾಯಿಲೆ ಬರುವ ಮೊದಲೇ ತಡೆಯುವುದು ಹೇಗೆ, ಬಂದಾಗ ಜನ ಆಸ್ಪತ್ರೆಗೆ ಹೇಗೆ ತಲುಪುತ್ತಾರೆ, ಯಾಕೆ ತಲುಪುವುದಿಲ್ಲ, ದಿಢೀರನೆ ಯಾರಾದರೂ ಬಿದ್ದರೆ ಒಂದು ಊರು ಏನು ಮಾಡುತ್ತದೆ ಎಂದು ಸುತ್ತಲಿನ ಜಮಖಂಡಿ, ಮುಧೋಳ, ಬೀಳಗಿ ಸುತ್ತಿ ಕೇಳುತ್ತಾಳೆ. ಅಪ್ಪ ಮೈಸೂರಿನಲ್ಲೇ ಇದ್ದಾರೆ. ದಿನಾ ವಿಡಿಯೊ ಕರೆ ಮಾಡುತ್ತಾರೆ. ಅವರಿಗೆ ನಮ್ಮ ತುಟಿ ಕಾಣುತ್ತದೆ, ಮಲ್ಲಪ್ಪನವರ ಮಗ್ಗ ಕೇಳಿಸುತ್ತದೆ. ಹಾಗಾಗಿ ಅಪ್ಪನಿಗೂ ಮಲ್ಲಪ್ಪನವರ ಮಗ್ಗಕ್ಕೂ ಈಗ ಒಳ್ಳೆಯ ಒಡನಾಟ.

ಮೈಸೂರಿನಲ್ಲಿ ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆದರೆ ನಾವು ಕಿಟಕಿ ಹಾಕುತ್ತಿದ್ದೆವು. ಇಲ್ಲಿ ನಮ್ಮ ಮನೆಯ ಕುಕ್ಕರಿನ ಸೀಟಿಯೇ ನಮಗೆ ಕೇಳಿಸುವುದಿಲ್ಲ. ಅಮ್ಮ ವಾಸನೆ ನೋಡಿ ಗ್ಯಾಸ್ ಆರಿಸುತ್ತಾಳೆ, ನೆಗಡಿಯಾದ ವಾರ ನಾವು ಇದ್ದಿಲು ತಿಂದೆವು. ಇನ್ನು ಗುಟ್ಟು ಹೇಳುವ ಕಲೆ ಈ ಊರಿಗೆ ತಿಳಿದೇ ಇಲ್ಲ. "ಯಾರ ಮುಂದೂ ಹೇಳಬ್ಯಾಡ ಮತ್ತ" ಎಂದು ಗಂಗವ್ವ ನನ್ನ ಕಿವಿಯಲ್ಲಿ ಪಿಸುಗುಟ್ಟಿದರೆ, ಪಕ್ಕದೂರು ರಬಕವಿಯ ಬಸ್ ನಿಲ್ದಾಣದಲ್ಲಿ ಕೂತವರು ತಲೆಯಾಡಿಸಿ ಒಪ್ಪಿಕೊಳ್ಳುತ್ತಾರೆ.

ಊಟದ ಕಥೆ ಬೇರೆ. ಗಂಗವ್ವ ಮೊದಲ ದಿನ ಖಡಕ್ ರೊಟ್ಟಿಯ ಮೇಲೆ ಪಲ್ಯ ಹಾಕಿ ಕೊಟ್ಟರು. ಪಲ್ಯ ತಿಂದು ಮುಗಿಸಿ, ರೊಟ್ಟಿಯನ್ನು ತಟ್ಟೆ ಎಂದುಕೊಂಡು ತೊಳೆಯಲು ಎತ್ತಿಕೊಂಡು ಹೋದೆ. ಗಂಗವ್ವ ನಕ್ಕ ನಗುವಿಗೆ ಎರಡು ಮಗ್ಗದ ಎಳೆ ಹರಿದವು. ಈಗ ಅದೇ ರೊಟ್ಟಿಯನ್ನು ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ ಮತ್ತು ಗಟ್ಟಿ ಮೊಸರಿನ ಜೊತೆ ತಿನ್ನುತ್ತೇನೆ. ನಾನು ಕಡಿಯುವ ಸದ್ದಿಗೆ ಬೀದಿನಾಯಿಗಳು ಎದ್ದು ಕೂರುತ್ತವೆ.

ನಗಬೇಡಿ, ಒಂದು ವಿಷಯ ಮಾತ್ರ ನಿಜವಾಗಿ ಕಷ್ಟವಿತ್ತು. ಜಮಖಂಡಿಯ ಕಾಲೇಜಿನಲ್ಲಿ ಮೊದಲ ತಿಂಗಳು ನಾನು ಬಾಯಿ ತೆರೆದರೆ ಇಡೀ ಬೆಂಚು ತಿರುಗಿ ನೋಡುತ್ತಿತ್ತು. "ಲೇ, ಕೇಳ್ರಿಲೇ, ಮೈಸೂರಪಾಕ ಮಾತಾಡಾಕತ್ತೈತಿ" ಎಂದು ಒಬ್ಬಳು ಹೇಳುತ್ತಿದ್ದಳು. ಮೈಸೂರಿನಲ್ಲಿ ನನ್ನ ಬಾಯಿ ಮುಚ್ಚಿಸಲು ಮೂವರು ಶಿಕ್ಷಕರು ಬೇಕಾಗುತ್ತಿದ್ದರು. ಇಲ್ಲಿ ನಾನೇ ಮುಚ್ಚಿಕೊಂಡೆ. ಸಂಜೆ ಬಸ್ಸಿಳಿದು ನೇರ ಗಂಗವ್ವನ ಮನೆಗೆ ಹೋಗಿ ಕೂರುತ್ತಿದ್ದೆ. ಅವರು ಕಂಡಿಕೆ ಸುತ್ತಲು ಕಲಿಸಿದರು. ಕಂಡಿಕೆ ಎಂದರೆ ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಸಣ್ಣ ಸುರುಳಿ. ನಾನು ಸುತ್ತಿದ್ದು ಕಪ್ಪೆ ನುಂಗಿದ ಹಾವಿನ ಹಾಗೆ ಕಾಣುತ್ತಿತ್ತು. "ಛಲೋ ಆಗೇತಿ" ಎಂದು ಹೇಳಿ, ನಾನು ಆಚೆ ಹೋದ ಮೇಲೆ ಬಿಚ್ಚಿ ಮತ್ತೆ ಸುತ್ತುತ್ತಿದ್ದರು.

ಈಗ ನಿಜವಾಗಿಯೂ ನಂಬಲಾಗದ್ದು.

ಒಂದು ರಜೆಯ ಮಧ್ಯಾಹ್ನ ಓಣಿಯ ಆ ತುದಿಯ ಮಗ್ಗ ನಿಂತಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು. ಮೌನ ಯಾರೋ ನಡೆದುಕೊಂಡು ಬಂದ ಹಾಗೆ ನಮ್ಮ ಮನೆಯ ಕಡೆಗೆ ಬಂತು. ನಾನು 'ಅಬ್ಬಾ, ಕರೆಂಟು ಹೋಯಿತು!' ಎಂದು ಹಿಗ್ಗಿ ಮಲಗಲು ಹೊರಟೆ. ತಲೆಯ ಮೇಲೆ ಫ್ಯಾನು ಮಾತ್ರ ತಿರುಗುತ್ತಲೇ ಇತ್ತು.

ಕಿಟಕಿಯಿಂದ ನೋಡಿದರೆ ಇಡೀ ಓಣಿ ಓಡುತ್ತಿದೆ! ಗಂಗವ್ವ ಸೆರಗು ಸಿಕ್ಕಿಸಿಕೊಂಡು ಎಲ್ಲರಿಗಿಂತ ಮುಂದೆ, ಚಪ್ಪಲಿ ಅದಲುಬದಲು. ಆ ತುದಿಯ ಮನೆಯಲ್ಲಿ ಒಬ್ಬರಿಗೆ ಫಿಟ್ಸ್ ಬಂದಿತ್ತು. ಮಲ್ಲಪ್ಪ ದಾರಿಗೆ ಅಡ್ಡ ನಿಂತ ಬೈಕುಗಳನ್ನು ಎತ್ತಿ ಎತ್ತಿ ಬದಿಗಿಡುತ್ತಿದ್ದರು. ಯಾರೋ ಆಟೋ ತಿರುಗಿಸಿ ನಿಲ್ಲಿಸಿದರು, ಯಾರೋ ಆಧಾರ್ ಕಾರ್ಡು ತಂದರು, ಯಾರೋ ಅವರ ಮಕ್ಕಳನ್ನು ಎತ್ತಿಕೊಂಡು ತಮ್ಮ ಮನೆಗೆ ಹೋದರು. ಯಾರೂ ಯಾರಿಗೂ 'ಮಾಡು' ಎಂದು ಹೇಳಲಿಲ್ಲ. ಅಮ್ಮ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದಳು, ನಾನು ಅವಳ ಹಿಂದೆ ಬಾಯಿ ತೆರೆದು ನಿಂತಿದ್ದೆ. ಒಂದು ನೊಣಕ್ಕೆ ಎರಡು ಮನೆ ಖಾಲಿ ಸಿಕ್ಕಂತಿತ್ತು.

ಸಂಜೆ ಗಂಗವ್ವ ಆಸ್ಪತ್ರೆಯಿಂದ ವಾಪಸ್ ಬಂದು ತಿಳಿಸಿ ಹೇಳಿದರು. "ಇಷ್ಟ ಸಪ್ಪಳದಾಗ ಒದರಿದ್ರ ಯಾರಿಗಿ ಕೇಳತೈತಿ ತಂಗಿ? ಅದಕ್ಕ ಮಗ್ಗ ನಿಲ್ಲಸ್ತೀವಿ. ಬಾಜೂದಾಂವ ತನ್ನದೂ ನಿಲ್ಲಸ್ತಾನ, ಅವನ ಬಾಜೂದಾಂವನೂ ನಿಲ್ಲಸ್ತಾನ. ಕರೆಂಟ ಹೋದ್ರ ಎಲ್ಲಾ ಒಮ್ಮೆಲೇ ನಿಲ್ಲತಾವ. ಹಿಂಗ ಸಾಲಹಿಡದ ನಿಂತ್ರ ಯಾರೋ ಬಿದ್ದಾರ ಅಂತ. ಎತ್ತಾಗಿಂದ ಸುಮ್ಮನಾಗಕೋತ ಬಂತು, ಅತ್ತಾಗ ಓಡೂದು."

"ಯಾರಾದರೂ ಸುಮ್ಮಸುಮ್ಮನೆ ನಿಲ್ಲಿಸಿದರೆ?"

"ಯಾಕ ನಿಲ್ಲಸ್ತಾರ?" ಎಂದರು ಗಂಗವ್ವ. ಪ್ರಶ್ನೆಯೇ ಅವರಿಗೆ ಅರ್ಥವಾಗಲಿಲ್ಲ.

ನಮ್ಮ ಮೈಸೂರಿನ ಬಡಾವಣೆಯಲ್ಲಿ ಪಕ್ಕದ ಮನೆಯ ಅಂಕಲ್ ಬಚ್ಚಲಲ್ಲಿ ಬಿದ್ದಿದ್ದು ನೆನಪಿದೆಯಾ? ಅಷ್ಟು ನಿಶ್ಶಬ್ದವಾದ ಬೀದಿ, ಸೂಜಿ ಬಿದ್ದರೂ ಕೇಳಿಸುವಂಥದ್ದು. ಅಂಕಲ್ ಬಿದ್ದಿದ್ದು ಮಾತ್ರ ಕೇಳಿಸಲಿಲ್ಲ. ಮರುದಿನ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಬಂದವು. ನಾನೂ ಒಂದು ಹಾಕಿದೆ. ಕಿವುಡಾಗುವಷ್ಟು ಗದ್ದಲವಿರುವ ಈ ಓಣಿಯಲ್ಲಿ ಎಲ್ಲರಿಗೂ ಕೇಳಿಸುತ್ತದೆ. ಇದನ್ನು ಬರೆಯುವಾಗ ಈಗಲೂ ನನಗೆ ತಲೆ ಗಿರ್ರೆನ್ನುತ್ತದೆ.

ಆ ಓಣಿಯಲ್ಲಿ ಯಾರನ್ನೇ ಆಸ್ಪತ್ರೆಗೆ ಒಯ್ಯಲಿ, ಜೊತೆಗೆ ಹೋಗುವುದು ಗಂಗವ್ವ. ಆದರೆ ಅವರಿಗೇ ಏನೋ ಆಗುತ್ತಿತ್ತು. ನೂಲಿನ ಗಂಟು ಎತ್ತುವಾಗ ಎದೆಗೆ ಕೈ ಒತ್ತಿಕೊಂಡು ಕೂತುಬಿಡುತ್ತಿದ್ದರು, ಹಣೆಯೆಲ್ಲ ಬೆವರು. ಕೇಳಿದರೆ "ವಾಯು ಐತಿ" ಎಂದು ಹೇಳಿ, ಸಾಕ್ಷಿಗೆ ಒಂದು ತೇಗು ತೇಗಿ ತೋರಿಸುತ್ತಿದ್ದರು. ಬಹಳ ಚೆನ್ನಾಗಿ ತೇಗುತ್ತಿದ್ದರು.

ಅಮ್ಮ ಹೆದರಿದಳು. "ಇದು ವಾಯು ಅಲ್ಲದೇ ಇರಬಹುದು ಗಂಗವ್ವ. ಒಂದು ಇಸಿಜಿ ಮಾಡಿಸೋಣ. ಮೊದಲೇ ಗೊತ್ತಾದರೆ ಎಷ್ಟೋ ತಡೆಯಬಹುದು."

"ಆ ದವಾಖಾನಿ ನನಗ ಗೊತ್ತೈತ್ರಿ ಬಾಯಾರ. ನಾ ಅಲ್ಲಿ ಬೆಂಚಿನ ಮ್ಯಾಲ ಕುಂದ್ರಾಕಿ, ಕಾಟಿನ ಮ್ಯಾಲ ಮಲಗಾಕಿ ಅಲ್ಲ." ಬಾಯಾರ ಎಂದರೆ ಮೇಡಂ, ಕಾಟು ಎಂದರೆ ರೋಗಿಯ ಮಂಚ.

ಅಮ್ಮ ಬಿಡಲಿಲ್ಲ, ಒಮ್ಮೆ ಜಮಖಂಡಿಯ ಬಸ್ಸು ಹತ್ತಿಸಿಯೇಬಿಟ್ಟಳು. ಬಸ್ಸಿಳಿದು ಅಮ್ಮ ಕೊಡೆ ಬಿಚ್ಚುವಷ್ಟರಲ್ಲಿ ಗಂಗವ್ವ ಮಾಯ. ಊರೆಲ್ಲ ಹುಡುಕಿ ಅಮ್ಮ ಅಳುಮುಖ ಮಾಡಿಕೊಂಡು ವಾಪಸ್ ಬಂದರೆ, ಅವರು ಕಟ್ಟೆಯ ಮೇಲೆ ಕೂತು ಸಂತೆಯ ಚೀಲ ಬಿಚ್ಚುತ್ತಿದ್ದರು. "ಬದನಿಕಾಯಿ ಸಸ್ತಾ ಇದ್ದೂವ್ರಿ" ಎಂದು ನಾಲ್ಕು ನಮಗೂ ಕೊಟ್ಟರು.

ಆಮೇಲೆ ಆ ಮಧ್ಯಾಹ್ನ ಬಂತು. ಅಮ್ಮ ಕೆಲಸದ ಮೇಲೆ ಬೀಳಗಿಗೆ ಹೋಗಿದ್ದಳು, ಫೋನು ಸಿಗುತ್ತಿರಲಿಲ್ಲ. ನಾನೂ ಗಂಗವ್ವನೂ ಅವರ ಮನೆಯಲ್ಲಿ, ಓಡುತ್ತಿದ್ದ ಅವರ ಮಗ್ಗದ ಪಕ್ಕ ಕೂತು ನೂಲು ಸುತ್ತುತ್ತಿದ್ದೆವು. ಅವರ ಕೈಯಿಂದ ಎಳೆ ಜಾರಿತು. ಮುಖ ಬೂದಿಯಾಗಿತ್ತು, ಎಡಗೈಯನ್ನು ತೊಡೆಯ ಮೇಲೆ ಯಾರದೋ ಸಾಮಾನಿನ ಹಾಗೆ ಇಟ್ಟುಕೊಂಡಿದ್ದರು. "ವಾಯು" ಎಂದರು. ತೇಗಲಿಲ್ಲ.

ಅದೇ ನನ್ನನ್ನು ಬೆಚ್ಚಿಬೀಳಿಸಿದ್ದು.

ನಾನು ಮಗ್ಗ ನಿಲ್ಲಿಸಿ 'ಗಂಗವ್ವನಿಗೆ ಹುಷಾರಿಲ್ಲ' ಎಂದಿದ್ದರೆ, ಅವರೇ ಬಾಗಿಲಿಗೆ ಎದ್ದುಬಂದು, ನಕ್ಕು, ಎಲ್ಲರನ್ನೂ ವಾಪಸ್ ಕಳಿಸುತ್ತಿದ್ದರು. ಅವರು ಆಸ್ಪತ್ರೆಗೆ ಹೋಗುವುದು ಬೇರೆಯವರಿಗಾಗಿ ಮಾತ್ರ. ಹಾಗಾಗಿ ನಾನು ಬಿದ್ದೆ.

ಸುಮ್ಮನೆ ಬೀಳಲಿಲ್ಲ. ಮೊದಲು ತೂರಾಡಿದೆ, ಎದೆ ಹಿಡಿದುಕೊಂಡೆ, ಕಣ್ಣುಗುಡ್ಡೆ ಮೇಲೆ ಮಾಡಿದೆ, ನೂಲಿನ ಮೂಟೆ ಇರುವ ಕಡೆಯನ್ನೇ ನೋಡಿಕೊಂಡು ಮರ ಉರುಳಿದಂತೆ ಉರುಳಿದೆ. ನೀವಿದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದಿರಿ.

"ಯವ್ವಾ! ನನ್ನ ಕೂಸ!" ಗಂಗವ್ವ ಮಗ್ಗದ ಹಿಡಿಕೆ ಎಳೆದರು. ಪಕ್ಕದಲ್ಲಿ ಮಲ್ಲಪ್ಪನವರ ಮಗ್ಗ ನಿಂತಿತು. ಅದರ ಆಚೆಯದು ನಿಂತಿತು. ಆಚೆಯದು. ಆಚೆಯದು. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ: ಇಡೀ ಓಣಿ ನನಗೋಸ್ಕರ ಒಂದೊಂದಾಗಿ ಉಸಿರು ಬಿಗಿಹಿಡಿಯುತ್ತಿತ್ತು. 'ಇಲ್ಲ, ಇಲ್ಲ, ತಮಾಷೆ' ಎಂದು ಎದ್ದುಬಿಡೋಣವೆನ್ನಿಸಿತು. ಅಷ್ಟರಲ್ಲಿ ಬಾಗಿಲಲ್ಲಿ ಕಾಲುಗಳ ಸದ್ದು.

ಆಟೋದಲ್ಲಿ ಗಂಗವ್ವ ನನ್ನನ್ನು ಎದೆಗೆ ಅವುಚಿಕೊಂಡಿದ್ದರು. ಮುಂದೆ ಮಲ್ಲಪ್ಪ ಬೈಕಿನ ಮೇಲೆ "ಸರೀರಿ, ಸರೀರಿ! ಕೂಸಿಗಿ ಆರಾಮಿಲ್ಲ!" ಎಂದು ಒದರುತ್ತಿದ್ದರು. ಮೈಸೂರಿನಲ್ಲಿ ದಸರಾ ಆನೆಗೂ ಅಷ್ಟು ದಾರಿ ಬಿಟ್ಟಿದ್ದನ್ನು ನಾನು ನೋಡಿಲ್ಲ. ನನ್ನ ಕಿವಿ ಗಂಗವ್ವನ ಎದೆಯ ಮೇಲಿತ್ತು. ಒಳಗಿನ ಬಡಿತ ಎರಡು ಬಡಿದು ಒಂದು ಬಿಡುತ್ತಿತ್ತು. ನನ್ನ ಸುಳ್ಳು ನರಳಾಟ ನಿಜವಾಗತೊಡಗಿತು.

ಜಮಖಂಡಿಯ ಆಸ್ಪತ್ರೆಯಲ್ಲಿ ಒಬ್ಬರು ಲೇಡಿ ಡಾಕ್ಟರು ನನ್ನ ಮೇಲೆ ಬಗ್ಗಿದರು. ನಾನು ಅವರ ಕಿವಿಯಲ್ಲಿ, ಮೈಸೂರಿನ ಅಸಲಿ ಪಿಸುದನಿಯಲ್ಲಿ, "ಡಾಕ್ಟರ್, ನನಗೇನೂ ಆಗಿಲ್ಲ. ಅವರಿಗೆ ಎದೆನೋವು, ಎಡಗೈ ಸೋತಿದೆ, ಆದರೆ ಒಪ್ಪುವುದಿಲ್ಲ" ಎಂದೆ. ಡಾಕ್ಟರು ನನ್ನ ಕೆನ್ನೆಗೆ ಹೊಡೆಯುವವರಂತೆ ನೋಡಿದರು. ಆಮೇಲೆ ಗಂಗವ್ವನ ಹಣೆಯ ಬೆವರನ್ನು ನೋಡಿದರು.

"ಅಮ್ಮಾರ, ಈ ಹುಡುಗಿ ವಾಯರ್ ನೋಡಿ ಹೆದರ್ಯಾಳ. ಮೊದಲ ನೀವು ಮಲಕೊಂಡ ತೋರಸ್ರಿ."

"ಹೆದರಬ್ಯಾಡ ತಂಗಿ. ಏನೂ ಆಗೂದಿಲ್ಲ, ನೋಡ ಹಿಂಗ" ಎನ್ನುತ್ತ ಗಂಗವ್ವ ಕಾಟಿನ ಮೇಲೆ ಮಲಗಿದರು. ಎದೆಗೆ, ಕೈಗೆ, ಕಾಲಿಗೆ ವೈರು ಹಚ್ಚಿದರು. ನಾನು ಸ್ಟೂಲಿನ ಮೇಲೆ ಕೂತು, ಅವರ ಚಪ್ಪಲಿ ಹಿಡಿದುಕೊಂಡು, ಜಗತ್ತನ್ನು ಗೆದ್ದ ರಾಣಿಯ ಹಾಗೆ ಕಾಲು ಆಡಿಸುತ್ತಿದ್ದೆ. ಯಂತ್ರದಿಂದ ಕಾಗದ ಹೊರಬರತೊಡಗಿತು.

ಪರದೆ ಸರಿಯಿತು. ಅಮ್ಮ.

ಬೀಳಗಿಯಿಂದ ವಾಪಸ್ ಬರುವ ದಾರಿಯಲ್ಲಿ ಯಾರದೋ ಫೋನು ಕೊನೆಗೂ ಸಿಕ್ಕಿರಬೇಕು. ಕೂದಲು ಬಿಚ್ಚಿತ್ತು, ಮುಖ ಅತ್ತು ಊದಿತ್ತು. ನನ್ನನ್ನು ನೋಡಿದಳು, ನನ್ನ ಆಡುತ್ತಿದ್ದ ಕಾಲನ್ನು ನೋಡಿದಳು. ಅಷ್ಟು ಸಾಕಾಯಿತು.

"ನಿನಗೆ ಏನೂ ಆಗಿಲ್ಲ, ಅಲ್ವಾ?"

ಬನಹಟ್ಟಿಗೆ ಬಂದ ಮೇಲೆ ಅಮ್ಮ ಅಷ್ಟು ಮೆಲ್ಲಗೆ ಮಾತನಾಡಿದ್ದು ಅದೇ ಮೊದಲು. ನಾನು ಕಾಲು ಆಡಿಸುವುದನ್ನು ನಿಲ್ಲಿಸಿದೆ.

"ನಾಳೆ ಇನ್ನೊಬ್ಬರು ಬೀಳ್ತಾರೆ. ಮಗ್ಗ ನಿಲ್ಲುತ್ತೆ. ಆಗ ಯಾರಾದರೂ ಒಬ್ಬರು, ನಿಜಾನೋ ಸುಳ್ಳೋ ನೋಡೋಣ ತಡಿ, ಅಂತ ಕೂತುಬಿಟ್ಟರೆ? ನಾವು ಹೊರಗಿನವರು ಕಣೇ. ಬಂದು, ನೋಡಿ, ಕೆಡಿಸಿ ಹೋಗೋದಾ?"

ಗಂಗವ್ವ ಎಲ್ಲವನ್ನೂ ಕೇಳಿಸಿಕೊಂಡರು. ನನ್ನನ್ನೇ ದಿಟ್ಟಿಸಿದರು. ಈಗ ವೈರು ಕಿತ್ತುಕೊಂಡು ಎದ್ದುಹೋಗುತ್ತಾರೆ ಎಂದುಕೊಂಡೆ. ಮೊಣಕೈ ಊರಿದ್ದರು ಕೂಡ. ಡಾಕ್ಟರು ಅವರ ಭುಜ ಹಿಡಿದರು.

"ಏಳಬ್ಯಾಡ್ರಿ ಅಮ್ಮಾರ. ಇದು ವಾಯು ಅಲ್ಲ. ಹೃದಯಕ್ಕ ಪೆಟ್ಟ ಬಿದ್ದೈತಿ. ಈಗ ಔಷಧ ಕೊಡ್ತೇನಿ, ಇಲ್ಲಿಂದ ಆಂಬುಲೆನ್ಸಿನಾಗ ದೊಡ್ಡ ದವಾಖಾನಿಗಿ ಕಳಸ್ತೇನಿ. ಈಗಿಂದೀಗ."

ಅಮ್ಮ ಗಂಗವ್ವನ ಕೈ ಹಿಡಿದುಕೊಂಡಳು. ಆದರೂ ನನ್ನ ಕಡೆ ತಿರುಗಿ ಬಾಗಿಲು ತೋರಿಸಿದಳು. "ಓಣಿಯವರೆಲ್ಲ ಹೊರಗೆ ನಿಂತಿದ್ದಾರೆ. ಹೋಗು. ಏನೂ ಆಗಿಲ್ಲ, ಎಲ್ಲಾ ಸುಳ್ಳು ಅಂತ ನೀನೇ ಹೇಳು."

"ಏನೂ ಆಗಿಲ್ಲಂತ ಹೆಂಗ ಹೇಳತಾಳ್ರಿ ಬಾಯಾರ?" ಗಂಗವ್ವ ತಲೆಯನ್ನು ಮೆಲ್ಲಗೆ ಕಾಟಿಗೆ ಒರಗಿಸಿದರು. "ಆಗೇತಲ್ಲ, ನನಗ."

ನಾನು ಹೊಸ್ತಿಲಿಗೆ ಬಂದೆ. ಹೊರಗೆ ಮಲ್ಲಪ್ಪ, ಅವರ ಹಿಂದೆ ನೂಲಿನ ಧೂಳು ಮೆತ್ತಿದ ಓಣಿ ಪೂರ್ತಿ. "ಏನಾತ ತಂಗಿ?" ಎಂದರು ಮಲ್ಲಪ್ಪ. "ಹೇಳು" ಎಂದಳು ಹಿಂದಿನಿಂದ ಅಮ್ಮ. ಬಾಯಿ ತೆರೆದೆ. ಅಮ್ಮ ಹೇಳಿದ್ದೂ ನಿಜ, ಗಂಗವ್ವ ಹೇಳಿದ್ದೂ ನಿಜ; ಯಾವ ಊರಿನ ಕನ್ನಡದಲ್ಲಿ ಹೇಳಬೇಕೋ ತಿಳಿಯಲಿಲ್ಲ.